ವಾರಕ್ಕೊಂದು ವಿಷಯ, ವಾರಕ್ಕೊಂದು ಫೋಟೊ

ವಾರಕ್ಕೆ ಒಂದು ವಿಷಯ ಗೊತ್ತು ಮಾಡಿಕೊಂಡು, ಆ ವಾರದೊಳಗೇ ಅದರ ಮೇಲೆ ಹೊಸದಾಗಿ ಫೋಟೊ ತೆಗೆದು, ತೆಗೆದವುಗಳಲ್ಲಿ ಒಂದನ್ನು ಮಾತ್ರ ಆರಿಸಿ ಉಳಿಸಿಕೊಳ್ಳುವುದು. ಹೀಗೆ ಒಂದು ವರ್ಷ ನಡೆಸುವುದು. ಛಾಯಾಗ್ರಹಣದ ಹವ್ಯಾಸಿಗಳು ‘52 ವಾರಗಳ ಸವಾಲು’ ಎನ್ನುವ ಅಭ್ಯಾಸ ಇಷ್ಟೇ. ಹಳೆಯ ಸಂಗ್ರಹದಿಂದ ಹುಡುಕಿ ತೆಗೆದ ಚಿತ್ರ ನಡೆಯುವುದಿಲ್ಲ. ವಿಷಯ ಹಿಡಿಸಲಿಲ್ಲವೆಂದು ಬದಲಾಯಿಸುವಂತಿಲ್ಲ. ಎರಡು ಚಿತ್ರಗಳ ನಡುವೆ ಆಯ್ಕೆ ಕಷ್ಟವಾಯಿತೆಂದು ಎರಡನ್ನೂ ಇಡುವಂತಿಲ್ಲ. ಕ್ಯಾಮೆರಾ ಯಾವುದಾದರೂ ಆಗಬಹುದು, ಕೈಯಲ್ಲಿರುವ ಮೊಬೈಲ್ ಧಾರಾಳವಾಗಿ ಸಾಕು.

ಇದರ ಅಣ್ಣನೆನ್ನಬಹುದಾದ ಇನ್ನೊಂದು ಅಭ್ಯಾಸವಿದೆ: ದಿನಕ್ಕೊಂದು ಫೋಟೊ. ನ್ಯೂಯಾರ್ಕಿನ ಜೇಮೀ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಂದು ಆರಂಭಿಸಿ, 1997ರ ಅಕ್ಟೋಬರ್ 25ರಂದು ತಾನು ತೀರಿಕೊಂಡ ದಿನದವರೆಗೂ ದಿನಕ್ಕೊಂದು ಪೋಲರಾಯ್ಡ್ ಚಿತ್ರ ಉಳಿಸಿದ. ಆತನದು ಒಂದು ಬದುಕಿನ ದಿನಚರಿ. ಕಲಿಯುವುದು ಅಲ್ಲಿ ಗುರಿಯಾಗಿರಲಿಲ್ಲ. ಕೆಲಸಕ್ಕೆ ಹೋಗಿಬರುವವರಿಗೆ, ಮನೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ದಿನಕ್ಕೊಂದು ಫೋಟೊ ಬೇಗನೆ ಹೊರೆಯಾಗುತ್ತದೆ. ರಾತ್ರಿ ಹನ್ನೊಂದಕ್ಕೆ ನೆನಪಾಗಿ ಮೇಜಿನ ಮೇಲಿನ ಲೋಟದ ಫೋಟೊ ತೆಗೆದು ಲೆಕ್ಕ ತುಂಬಿಸುವ ಸ್ಥಿತಿ ಬರುತ್ತದೆ. ವಾರದ ಅವಧಿ ಈ ವಿಷಯದಲ್ಲಿ ಉದಾರ. ಸೋಮವಾರ ವಿಷಯ ತಲೆಗೆ ಹೋದರೆ ಮೂರು ದಿನ ಅದು ಹಿನ್ನೆಲೆಯಲ್ಲಿ ಸುತ್ತುತ್ತಿರುತ್ತದೆ, ಕಣ್ಣು ತಾನಾಗಿ ಹುಡುಕತೊಡಗುತ್ತದೆ, ಶನಿವಾರವೋ ಭಾನುವಾರವೋ ಕ್ಯಾಮೆರಾ ಹಿಡಿದರೆ ಆಗುತ್ತದೆ. ತೆಗೆದದ್ದು ಸರಿಬರದಿದ್ದರೆ ಇನ್ನೊಮ್ಮೆ ಹೋಗಿ ನೋಡುವುದಕ್ಕೂ ಅವಕಾಶವಿದೆ.

ವಿಷಯಪಟ್ಟಿ ಕೊಟ್ಟು ಫೋಟೊ ತೆಗೆಸುವ ಪದ್ಧತಿ ಹವ್ಯಾಸಿಗಳು ಕಂಡುಹಿಡಿದದ್ದಲ್ಲ. 1935ರಲ್ಲಿ ಅಮೆರಿಕದ ಸರಕಾರ ಬಡ ರೈತರ ಸ್ಥಿತಿಗತಿಯನ್ನು ದಾಖಲಿಸಲು ಒಂದು ವಿಭಾಗ ತೆರೆದು ರಾಯ್ ಸ್ಟ್ರೈಕರ್ ಎಂಬವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಡೊರೊಥಿಯಾ ಲ್ಯಾಂಗ್, ವಾಕರ್ ಇವಾನ್ಸ್‌ರಂಥ ಛಾಯಾಗ್ರಾಹಕರನ್ನು ಊರೂರಿಗೆ ಕಳಿಸುವಾಗ ಸ್ಟ್ರೈಕರ್ ಅವರ ಕೈಗೆ ಪಟ್ಟಿಗಳನ್ನು ಕೊಡುತ್ತಿದ್ದರು: ಜನ ಸಂಜೆ ಹೊತ್ತು ಹೇಗೆ ಕಳೆಯುತ್ತಾರೆ, ಎಲ್ಲಿ ಕೂಡುತ್ತಾರೆ, ಮನೆಯ ಗೋಡೆಗೆ ಏನು ನೇತುಹಾಕುತ್ತಾರೆ ಎಂಬಂಥ ಸಾದಾ ಸಂಗತಿಗಳ ಪಟ್ಟಿ. ಆ ವಿಭಾಗದಲ್ಲಿ ಕೂಡಿಬಿದ್ದ ಸುಮಾರು 1,75,000 ನೆಗೆಟಿವ್‌ಗಳು ಇಂದು ಆ ದೇಶದ ಸಂಸತ್ ಗ್ರಂಥಾಲಯದಲ್ಲಿವೆ. ಕರ್ನಾಟಕದಲ್ಲಿ ಒಂದೇ ವಿಷಯಕ್ಕೆ ಮತ್ತೆ ಮತ್ತೆ ಮರಳಿದವರಲ್ಲಿ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಮುಖ್ಯರು. ದೇಶವೆಲ್ಲ ಸುತ್ತಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ನಡೆಯಿತು. ತಿಂಗಳಿಗೊಂದು ವಿಷಯ ಕೊಟ್ಟು ಸದಸ್ಯರ ನಡುವೆ ಸ್ಪರ್ಧೆ ನಡೆಸುವ ಕ್ಯಾಮೆರಾ ಕ್ಲಬ್ಬುಗಳ ಪದ್ಧತಿಯೂ ಹಳೆಯದೇ. ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮಿನ ಖರ್ಚು ತಪ್ಪಿದ ಮೇಲೆ ತಿಂಗಳು ವಾರವಾಯಿತು.

ಪಟ್ಟಿಗಳು ಹೊರಗೆ ಬೇಕಾದಷ್ಟು ಸಿಗುತ್ತವೆ. ತೊಂದರೆಯೆಂದರೆ ಅವು ಚಳಿದೇಶದ ಕ್ಯಾಲೆಂಡರಿಗೆ ಹೊಂದಿಕೊಂಡವು. ಜನವರಿಗೆ ಹಿಮ, ಅಕ್ಟೋಬರಿಗೆ ಉದುರುವ ಕೆಂಪು ಎಲೆ, ಜುಲೈಗೆ ಬಿಸಿಲಿನ ರಜೆ. ಕರಾವಳಿಯಲ್ಲಿ ಕೂತು ಅದನ್ನು ಅನುಸರಿಸಿದರೆ ಆಷಾಢದ ಮಳೆಯಲ್ಲಿ ಬಿಸಿಲು ಹುಡುಕಬೇಕಾಗುತ್ತದೆ. ಆದ್ದರಿಂದ ಪಟ್ಟಿಯನ್ನು ಊರಿನ ಕ್ಯಾಲೆಂಡರಿಗೆ ತಕ್ಕಂತೆ ತಾವೇ ಮಾಡಿಕೊಳ್ಳಬೇಕು. ಇಡೀ ಅಭ್ಯಾಸದಲ್ಲಿ ಹೆಚ್ಚು ಯೋಚನೆ ಬೇಡುವ ಕೆಲಸ ಇದೇ, ಹೆಚ್ಚಿನವರು ಉದಾಸೀನ ಮಾಡುವುದೂ ಇದನ್ನೇ. ಮಂಗಳೂರಿನ ಕುದ್ರೋಳಿಯಂಥ ಒಂದು ಬಡಾವಣೆಯನ್ನು ಇಟ್ಟುಕೊಂಡು ನೋಡಿದರೆ ಪಟ್ಟಿ ಹೇಗೆ ಹುಟ್ಟುತ್ತದೆಂಬುದು ಸ್ಪಷ್ಟವಾಗುತ್ತದೆ.

ಕುದ್ರೋಳಿ ನಗರದ ಪಶ್ಚಿಮ ಅಂಚಿನಲ್ಲಿದೆ. ಪಡುವಣಕ್ಕೆ ಗುರುಪುರ ಹೊಳೆ, ಅದರಾಚೆ ಮರಳಿನ ತೆಳು ಪಟ್ಟಿ, ಅದರಾಚೆ ಅರಬಿ ಸಮುದ್ರ. ನಡುವೆ ಗೋಕರ್ಣನಾಥೇಶ್ವರ ಕ್ಷೇತ್ರ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಈ ದೇವಸ್ಥಾನ 1991ರಲ್ಲಿ ನವೀಕರಣಗೊಂಡು ಈಗಿನ ಎತ್ತರದ ಗೋಪುರ ಪಡೆಯಿತು. ಅದೇ ಪರಿಸರದಲ್ಲಿ ಜಾಮಿಯಾ ಮಸೀದಿಯಿದೆ, ಭಗವತೀ ಕ್ಷೇತ್ರವಿದೆ. ಅಳಕೆಯನ್ನು ದಾಟಿದರೆ ರಥಬೀದಿ. ಇನ್ನೊಂದು ದಿಕ್ಕಿಗೆ ಹೋದರೆ ಬೊಕ್ಕಪಟ್ಣದ ಹೊಳೆದಂಡೆ, ಮುಂದೆ ಬೋಳೂರು, ಸುಲ್ತಾನ್ ಬತ್ತೇರಿ. ಹಳೆ ಬಂದರೂ ಮೀನುಗಾರಿಕೆಯ ದಕ್ಕೆಯೂ ದೂರವಿಲ್ಲ. ಒಂದು ವರ್ಷಕ್ಕೆ ಬೇಕಾದ ಎಲ್ಲ ವಿಷಯಗಳೂ ನಡೆದೋ ಸೈಕಲ್ ತುಳಿದೋ ತಲುಪುವಷ್ಟರಲ್ಲಿವೆ. ಸವಾಲಿಗೆಂದು ಊರು ಬಿಟ್ಟು ಘಟ್ಟ ಹತ್ತಬೇಕಾಗಿಲ್ಲ. ಹಾಗೆ ಹತ್ತುವವರಿಗೆ ತಮ್ಮ ಬೀದಿಯನ್ನು ನೋಡುವ ಅಭ್ಯಾಸ ಬರುವುದೂ ಇಲ್ಲ.

ಪಟ್ಟಿಯಲ್ಲಿ ಬರುವ ವಿಷಯಗಳಲ್ಲಿ ಕೆಲವು ಕಸುಬಿಗೆ ಸಂಬಂಧಿಸಿದವು: ಗೆರೆ, ನೆರಳು, ಪ್ರತಿಬಿಂಬ, ಚೌಕಟ್ಟಿನೊಳಗೊಂದು ಚೌಕಟ್ಟು, ಚಲನೆ, ಕಪ್ಪುಬಿಳುಪು. ಕೆಲವು ವಸ್ತುವಿಗೆ ಸಂಬಂಧಿಸಿದವು: ಕೈಗಳು, ಬಾಗಿಲು, ಮೀನು, ಅಂಗಡಿ. ಇನ್ನು ಕಾಯುವಿಕೆ, ಅವಸರ, ದಣಿವು, ನೆರೆಹೊರೆ ಎಂಬಂಥವು ಭಾವಕ್ಕೆ ಸೇರಿದವು. ಆರಂಭಕ್ಕೆ ಕಸುಬಿನವು ಹೆಚ್ಚಿರುವುದು ಒಳ್ಳೆಯದು, ಏಕೆಂದರೆ ಅವುಗಳಲ್ಲಿ ಸರಿ ತಪ್ಪು ಕಣ್ಣಿಗೆ ಕಾಣುತ್ತದೆ. ಭಾವದ ವಿಷಯಗಳು ಹೆಚ್ಚಾಗಿ ವರ್ಷದ ಕೊನೆಯ ಭಾಗಕ್ಕಿರಲಿ. ಮೊದಲ ತಿಂಗಳಲ್ಲೇ ‘ಮೌನ’ ಎಂದು ಇಟ್ಟುಕೊಂಡವರು ಖಾಲಿ ಬೆಂಚಿನ ಫೋಟೊ ತೆಗೆದು ಸುಮ್ಮನಾಗುತ್ತಾರೆ.

ಮಂಗಳೂರಿನಲ್ಲಿ ಈ ವರ್ಷವನ್ನು ಆರಂಭಿಸಲು ಜೂನ್ ಒಳ್ಳೆಯ ತಿಂಗಳು, ಮಳೆಗೆ ಹೆದರುವವರು ಒಪ್ಪದಿದ್ದರೂ. ನಗರದ ಮಳೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಮೋಡ ಮುಚ್ಚಿದ ಆಕಾಶದ ಬೆಳಕಿಗೆ ದಿಕ್ಕಿಲ್ಲ. ಗಾಢ ನೆರಳು ಬೀಳದ ಕಾರಣ ಮುಖಗಳ ಚಿತ್ರ, ಹಸಿರಿನ ಚಿತ್ರ ಆಗ ಸುಲಭವಾಗಿ ಚೆನ್ನಾಗಿ ಬರುತ್ತವೆ. ಒದ್ದೆಯಾದ ಕಾಂಕ್ರೀಟ್ ರಸ್ತೆ ಸಂಜೆಯ ಅಂಗಡಿದೀಪಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ‘ಪ್ರತಿಬಿಂಬ’ಕ್ಕೆ ಹೊಳೆಯ ತನಕವೂ ಹೋಗಬೇಕಾಗಿಲ್ಲ, ಮೊಬೈಲನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದರಾಯಿತು.

ಮಳೆಯನ್ನೇ ಫೋಟೊದಲ್ಲಿ ಕಾಣಿಸುವುದು ಮಾತ್ರ ಕಲಿತು ಮಾಡಬೇಕಾದ ಕೆಲಸ. ಧೋ ಎಂದು ಸುರಿಯುತ್ತಿದ್ದರೂ ಚಿತ್ರದಲ್ಲಿ ಬರೀ ಮಂಕು ಕಾಣುವುದು ಎಲ್ಲರ ಅನುಭವ. ಹನಿಗಳ ಹಿಂದೆ ಕಪ್ಪಾದುದೇನಾದರೂ ಇರಬೇಕು: ಮರದ ಗುಂಪು, ಹಳೆಯ ಗೋಡೆ, ತೆರೆದ ಬಾಗಿಲಿನ ಒಳಗತ್ತಲೆ. ಬೆಳಕು ಹನಿಗಳ ಹಿಂದಿನಿಂದಲೋ ಬದಿಯಿಂದಲೋ ಬರಬೇಕು. ಶಟರ್ ವೇಗ ಸೆಕೆಂಡಿನ 1/500ರಷ್ಟಿದ್ದರೆ ಹನಿ ಹನಿಯಾಗಿ ನಿಲ್ಲುತ್ತದೆ. 1/60ಕ್ಕೆ ಇಳಿಸಿದರೆ ಉದ್ದನೆಯ ಗೆರೆಯಾಗುತ್ತದೆ. ಹಂಚಿನ ಮನೆಯ ಸೂರಿನಿಂದ ಸಾಲಾಗಿ ಇಳಿಯುವ ನೀರಧಾರೆಯನ್ನು ಜಗಲಿಯ ಒಳಗೆ ನಿಂತು, ಅಂಗಳದ ಬೆಳಕಿಗೆ ಎದುರಾಗಿ, ಈ ಎರಡು ವೇಗಗಳಲ್ಲಿ ಒಂದೊಂದು ತೆಗೆದು ಪಕ್ಕಪಕ್ಕ ಇಟ್ಟರೆ ಶಟರ್ ಎಂದರೇನೆಂಬುದು ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ಮೊಬೈಲಿನಲ್ಲಿಯೂ ‘ಪ್ರೊ’ ಎಂಬ ವಿಭಾಗ ಇದ್ದರೆ ಈ ಅಂಕಿಗಳನ್ನು ಬದಲಿಸಬಹುದು.

ಕರಾವಳಿಯ ತೇವಕ್ಕೆ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ, ಒಮ್ಮೆ ಹಿಡಿದರೆ ಬಿಡಿಸುವುದು ಕಷ್ಟ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕ್ಯಾಮೆರಾ ಇಡುವುದು, ಎಸಿ ಕೋಣೆಯಿಂದ ಹೊರಗೆ ತಂದಾಗ ಚೀಲದೊಳಗೇ ಸ್ವಲ್ಪ ಹೊತ್ತು ಬಿಡುವುದು ಇಲ್ಲಿ ರೂಢಿಯಾಗಬೇಕು. ಕ್ಯಾಮೆರಾವನ್ನು ಉಪಯೋಗಿಸದೆ ಬೀರುವಿನಲ್ಲಿ ಇಟ್ಟುಬಿಡುವುದರಿಂದಲೇ ಹೆಚ್ಚು ಹಾಳಾಗುತ್ತದೆ. ವಾರಕ್ಕೊಮ್ಮೆ ಹೊರಗೆ ಬರುವ ಕ್ಯಾಮೆರಾಕ್ಕೆ ಆ ಭಯ ಕಡಿಮೆ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ದಕ್ಕೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ‘ಗೆರೆಗಳು’, ‘ಬಣ್ಣ’, ‘ಕಾಯುವಿಕೆ’ ಎಂಬ ಮೂರು ವಿಷಯಗಳಿಗೂ ಒಂದೇ ಜಾಗ ಉತ್ತರ ಕೊಡುತ್ತದೆ. ಆಗಸ್ಟಿನಲ್ಲಿ ಅದೇ ಜಾಗ ಗುರುತೇ ಸಿಗದಷ್ಟು ಬದಲಾಗುತ್ತದೆ: ಬುಟ್ಟಿ, ಮಂಜುಗಡ್ಡೆ, ಹರಾಜಿನ ಕೂಗು, ಮೀನು ಹೊತ್ತು ಓಡುವವರು. ಆಗ ಪಟ್ಟಿಯಲ್ಲಿ ‘ಅವಸರ’ ಇರಲಿ. ಒಂದೇ ಸ್ಥಳವನ್ನು ಎರಡು ಋತುವಿನಲ್ಲಿ ನೋಡುವ ಇಂಥ ಜೋಡಿಗಳನ್ನು ಮುಂಚೆಯೇ ಯೋಚಿಸಿ ಪಟ್ಟಿಗೆ ಸೇರಿಸಿಕೊಂಡರೆ ವರ್ಷದ ಕೊನೆಗೆ ಸಿಗುವ ಸಂಗ್ರಹಕ್ಕೆ ಒಂದು ಒಳಹೆಣಿಗೆ ಬರುತ್ತದೆ.

ಕುದ್ರೋಳಿಯ ವರ್ಷದಲ್ಲಿ ದಸರೆಗೆ ಸಮನಾದ ವಾರವಿಲ್ಲ. ನವರಾತ್ರಿಗೆ ಗೋಕರ್ಣನಾಥ ಕ್ಷೇತ್ರದಲ್ಲಿ ಗಣಪತಿ, ಶಾರದೆ, ನವದುರ್ಗೆಯರ ಮೂರ್ತಿಗಳನ್ನಿಟ್ಟು ಪೂಜಿಸುತ್ತಾರೆ. ವಿಜಯದಶಮಿಯ ಸಂಜೆ ಹೊರಡುವ ಮೆರವಣಿಗೆ ಮಣ್ಣಗುಡ್ಡೆ, ಲೇಡಿಹಿಲ್, ಲಾಲ್‌ಬಾಗ್, ಹಂಪನಕಟ್ಟೆ, ರಥಬೀದಿ, ಅಳಕೆಯ ಮೇಲಾಗಿ ಬೆಳಗಿನ ಜಾವ ಕ್ಷೇತ್ರಕ್ಕೆ ಮರಳಿ, ಮೂರ್ತಿಗಳು ಅಲ್ಲಿಯ ಕೆರೆಯಲ್ಲೇ ವಿಸರ್ಜನೆಯಾಗುತ್ತವೆ. ದೀಪಾಲಂಕಾರ ಇಡೀ ಊರನ್ನು ಆವರಿಸಿರುತ್ತದೆ. ಇಷ್ಟೊಂದು ಇರುವಾಗ ಎಲ್ಲವನ್ನೂ ತೆಗೆಯುವ ಆಸೆ ಹುಟ್ಟುವುದು ಸಹಜ. ಹಾಗೆ ತೆಗೆದ ಸಾವಿರ ಫೋಟೊಗಳು ಬೇರೆ ಸಾವಿರ ಜನ ತೆಗೆದವುಗಳಂತೆಯೇ ಇರುತ್ತವೆ. ವಿಷಯವೊಂದು ಮುಂಚಿತವಾಗಿ ಗೊತ್ತಾಗಿರುವುದರ ಬೆಲೆ ತಿಳಿಯುವುದು ಇಂಥ ವಾರದಲ್ಲಿ. ‘ದಸರೆ’ ಎಂದು ಇಟ್ಟುಕೊಳ್ಳಬಾರದು. ‘ಮೆರವಣಿಗೆ ನೋಡುವವರು’ ಎಂದಿರಲಿ. ಆಗ ಕ್ಯಾಮೆರಾ ಟ್ಯಾಬ್ಲೊಗೆ ಬೆನ್ನು ಹಾಕುತ್ತದೆ. ಮಹಡಿಯ ಕಿಟಕಿಯಿಂದ ಇಣುಕುವ ಅಜ್ಜಿ, ಅಪ್ಪನ ಹೆಗಲೇರಿ ನಿದ್ದೆ ಹೋದ ಮಗು, ಅಂಗಡಿಯ ಮೆಟ್ಟಿಲ ಮೇಲೆ ಚಾಪೆ ಹಾಸಿ ಕಾದವರು ಕಾಣತೊಡಗುತ್ತಾರೆ.

ದಸರೆಯ ಹುಲಿವೇಷಕ್ಕೂ ಇದೇ ಮಾತು. ಕುಣಿತದ ಫೋಟೊ ಎಲ್ಲರ ಹತ್ತಿರವೂ ಇದೆ. ಅದಕ್ಕೆ ಮೊದಲು ಬಣ್ಣ ಬಳಿಯುವ ಗಂಟೆಗಟ್ಟಲೆಯ ಕೆಲಸವಿದೆ. ಮೊದಲು ಹಳದಿಯ ಲೇಪ, ಅದು ಒಣಗುವ ತನಕ ಕೈ ಮೈಗೆ ತಾಗದಂತೆ ಚಾಚಿಕೊಂಡು ನಿಲ್ಲುವುದು, ಆಮೇಲೆ ಬೆನ್ನಿನ ಮೇಲೆ ಕಪ್ಪು ಪಟ್ಟೆ ಎಳೆಯುವ ಕುಂಚ. ಪಟ್ಟೆಯ ಬದಲು ಚುಕ್ಕೆಯಿಟ್ಟರೆ ಚಿಟ್ಟೆಹುಲಿ. ‘ಕೈಗಳು’ ಎಂಬ ವಿಷಯ ಆ ವಾರಕ್ಕೆ ಇದ್ದರೆ ಬಣ್ಣಗಾರನ ಬೆರಳು ಮತ್ತು ಒಣಗುತ್ತಿರುವ ಬೆನ್ನು ಇವೆರಡೇ ಫ್ರೇಮಿನಲ್ಲಿ ಸಾಕು. ತಾಸೆಯ ಪೆಟ್ಟಿಗೆ ಕುಣಿತ ಶುರುವಾದ ಮೇಲೆ ‘ಚಲನೆ’ ಹಿಡಿಯಲು 1/15ರಷ್ಟು ನಿಧಾನ ಶಟರ್ ಇಟ್ಟು, ಕುಣಿಯುವವನ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಮುಖ ಹೆಚ್ಚುಕಡಿಮೆ ಸ್ಪಷ್ಟವಾಗಿ, ಸುತ್ತಲಿನದು ಬಣ್ಣದ ಗೆರೆಗಳಾಗಿ ಬರುತ್ತದೆ. ಹತ್ತಕ್ಕೆ ಒಂಬತ್ತು ಕೆಡುತ್ತವೆ, ಆದರೂ ಉಳಿದ ಒಂದಕ್ಕಾಗಿ ಮಾಡಬೇಕು.

ಗೋಪುರದ ದೀಪಾಲಂಕಾರಕ್ಕೆ ಪೂರ್ತಿ ಕತ್ತಲೆಯಾಗುವ ತನಕ ಕಾಯುವುದು ಸಾಮಾನ್ಯ ತಪ್ಪು. ಆಗ ಆಕಾಶ ಕಪ್ಪು, ದೀಪಗಳು ಬರೀ ಬಿಳಿ ಚುಕ್ಕೆ. ಸೂರ್ಯ ಮುಳುಗಿದ ಇಪ್ಪತ್ತು ನಿಮಿಷಗಳ ಆಸುಪಾಸಿನಲ್ಲಿ ಆಕಾಶದ ನೀಲಿಯೂ ದೀಪದ ಬೆಳಕೂ ಸರಿಸಮವಾಗುವ ಸ್ವಲ್ಪ ಹೊತ್ತಿದೆ. ಮಂಗಳೂರು ಸಮಭಾಜಕಕ್ಕೆ ಹತ್ತಿರ, ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಸಂಜೆಗತ್ತಲು ಬೇಗ ಕವಿಯುತ್ತದೆ. ಯುರೋಪಿನ ಪುಸ್ತಕಗಳು ಹೇಳುವ ಸಾವಕಾಶದ ಮುಸ್ಸಂಜೆ ಇಲ್ಲಿಲ್ಲ. ಜಾಗ ಮೊದಲೇ ನೋಡಿಟ್ಟಿರಬೇಕು. ಜನಸಂದಣಿಯಲ್ಲಿ ಟ್ರೈಪಾಡ್ ಹೂಡುವುದು ಇತರರಿಗೆ ತೊಂದರೆ. ಕಟ್ಟೆಯ ಮೇಲೋ ಕಂಬಕ್ಕೋ ಕೈ ಊರಿ ಉಸಿರು ಬಿಗಿಹಿಡಿದರೆ ಕೆಲಸ ನಡೆಯುತ್ತದೆ. ದೀಪಾವಳಿಗೆ ಕ್ಷೇತ್ರದ ಅಂಗಳದಲ್ಲಿ ಗೂಡುದೀಪ ಸ್ಪರ್ಧೆ ನಡೆಯುತ್ತ ಬಂದಿದೆ. ಅಲ್ಲಿಯೂ ಇದೇ ಲೆಕ್ಕ, ಮೊಬೈಲಿನ ಪರದೆಯಲ್ಲಿ ಬೆಳಗುವ ಕಾಗದ ಕಾಣುವ ಕಡೆ ಬೆರಳು ಒತ್ತಿ ಹೊಳಪು ಸ್ವಲ್ಪ ತಗ್ಗಿಸಿದರೆ ಬಣ್ಣ ಉಳಿಯುತ್ತದೆ.

ಹಬ್ಬಗಳು ತೀರಿದ ಮೇಲಿನ ಒಣ ತಿಂಗಳುಗಳಲ್ಲಿ ಬೆಳಕಿಗೆ ಓರೆ ಬರುತ್ತದೆ. ‘ಮೇಲ್ಮೈ’ ಎಂಬ ವಿಷಯಕ್ಕೆ ಡಿಸೆಂಬರ್, ಜನವರಿಯ ಬೆಳಗ್ಗೆಯೇ ತಕ್ಕದ್ದು. ಗಾರೆ ಬಳಿಯದ ಮುರಕಲ್ಲಿನ ಗೋಡೆಯ ಮೇಲೆ ಬಿಸಿಲು ಬದಿಯಿಂದ ಬಿದ್ದರೆ ಕಲ್ಲಿನ ಒಂದೊಂದು ತೂತೂ, ಕಡಿದ ಉಳಿಯ ಗುರುತೂ ಎದ್ದು ಕಾಣುತ್ತದೆ. ಮಧ್ಯಾಹ್ನ ಅದೇ ಗೋಡೆ ಚಪ್ಪಟೆ. ಹಂಚು ಇನ್ನೊಂದು. ಬಾಸೆಲ್ ಮಿಶನ್ 1860ರ ದಶಕದಲ್ಲಿ ಇಲ್ಲಿ ಆರಂಭಿಸಿದ ಹಂಚಿನ ಉದ್ಯಮ ಊರಿನ ಹೆಸರನ್ನೇ ಆ ಹಂಚಿಗೆ ಕೊಟ್ಟಿತು. ಹಳೆಯ ಮಾಡು ಬಿಚ್ಚಿ ಜೋಡಿಸಿಟ್ಟ ಹಂಚನ್ನು ಮಗುಚಿದರೆ ಒಳಮೈಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಸಿಗುತ್ತದೆ. ಹಂಚಿನ ಮನೆಗಳು ಒಂದೊಂದಾಗಿ ಬಹುಮಹಡಿಗೆ ಜಾಗ ಬಿಡುತ್ತಿರುವ ಈ ಕಾಲದಲ್ಲಿ ಆ ಅಚ್ಚನ್ನು ಹತ್ತಿರದಿಂದ ತೆಗೆದ ಒಂದು ಚಿತ್ರಕ್ಕೆ ಸೂರ್ಯಾಸ್ತದ ಹತ್ತು ಚಿತ್ರಗಳಿಗಿಂತ ಹೆಚ್ಚು ಬೆಲೆಯಿದೆ. ಅದೇ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿ ತೆಗೆದ ಮಂಗಳೂರಿನ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಭದ್ರವಾಗಿವೆ. ಕಾರ್ಖಾನೆ, ಮನೆ, ಬೀದಿ, ಜನ ಎಂಬ ಸಾದಾ ವಸ್ತುಗಳೇ ಇಂದು ಅವುಗಳಲ್ಲಿ ಹೆಚ್ಚು ಹುಡುಕಲ್ಪಡುವಂಥವು.

ಮುಂದಿನ ವಾರಗಳಿಗೂ ವಿಷಯಗಳಿಗೆ ಕೊರತೆಯಿಲ್ಲ. ರಥಸಪ್ತಮಿಗೆ ರಥಬೀದಿಯಲ್ಲಿ ವೆಂಕಟರಮಣ ದೇವಸ್ಥಾನದ ಕೊಡಿಯಾಲ್ ತೇರು. ‘ಚೌಕಟ್ಟಿನೊಳಗೊಂದು ಚೌಕಟ್ಟು’ ಎಂಬುದಕ್ಕೆ ಟಿಪ್ಪು ಸುಲ್ತಾನ್ 1784ರಲ್ಲಿ ಹೊಳೆಬಾಯಿಗೆ ಯುದ್ಧನೌಕೆ ನುಗ್ಗದಂತೆ ಕಪ್ಪುಕಲ್ಲಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ತೋಪಿನ ಕಿಂಡಿಗಳಿವೆ. ಕಿಂಡಿಯಾಚೆ ತಣ್ಣೀರುಬಾವಿಗೆ ಹೋಗುವ ದೋಣಿ ಹಾದುಹೋಗುವ ತನಕ ಕಾಯಬೇಕು. ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು ನೆಟ್ಟ ಕಂಬಕ್ಕೆ ನೆರಳೇ ಬೀಳುವುದಿಲ್ಲ. ‘ನೆರಳು’ ಎಂಬ ವಿಷಯವನ್ನು ಆ ವಾರಕ್ಕೆ ಇಟ್ಟುಕೊಂಡರೆ ಕಲಿಯಲು ತುಂಬ ಇದೆ. ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಹೀಗಾದರೂ ಮೋಡ ಬಿಡುವ ಭರವಸೆಯಿಲ್ಲ. ಸೂರ್ಯಾಸ್ತದ ಹೊತ್ತು ನವೆಂಬರಿನಲ್ಲಿ ಆರು ಗಂಟೆಗೆ, ಜುಲೈಯಲ್ಲಿ ಏಳಕ್ಕೆ ಬರುತ್ತದೆ. ಕೆಲಸ ಮುಗಿಸಿ ಬರುವವರು ಹೊರಾಂಗಣದ ಸಂಜೆ ವಿಷಯಗಳನ್ನು ಬೇಸಿಗೆಗೆ, ಮನೆಯೊಳಗಿನವನ್ನು ನವೆಂಬರ್–ಡಿಸೆಂಬರಿಗೆ ಇಟ್ಟುಕೊಳ್ಳಬಹುದು.

ಜನರ ಫೋಟೊ ತೆಗೆಯುವಾಗ ಒಪ್ಪಿಗೆಯೇ ಮೊದಲ ನಿಯಮ. ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸರ ಮುಂದೆ ಏಕಾಏಕಿ ಕ್ಯಾಮೆರಾ ಹಿಡಿಯುವುದು ಮರ್ಯಾದೆಯಲ್ಲ. ‘ಅಕ್ಕಾ, ಒಂದು ಫೋಟೊ ತೆಗೆಯಬಹುದಾ?’ ಎಂದು ಕೇಳಿ, ಬೇಡವೆಂದರೆ ಅಲ್ಲಿಗೆ ಬಿಡಬೇಕು. ದೇವಸ್ಥಾನದ ಗರ್ಭಗುಡಿ, ಮಸೀದಿಯ ಒಳಗು, ದೈವದ ನೇಮ ಇವುಗಳಲ್ಲಿ ಅಲ್ಲಿಯವರು ಹೇಳಿದ್ದೇ ಕಟ್ಟಳೆ. ಬೇರೆಯವರ ಮಕ್ಕಳ ಚಿತ್ರಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು. ಸವಾಲಿನ ವಾರ ಮುಗಿಯುತ್ತಿದೆ ಎಂಬುದು ಇನ್ನೊಬ್ಬರ ಮೇಲೆ ಕ್ಯಾಮೆರಾ ತಿರುಗಿಸಲು ಕಾರಣವಾಗಲಾರದು. ವರ್ಷವಿಡೀ ಅದೇ ಬೀದಿಗೆ ಬರುವವರಿಗೆ ಇಲ್ಲೊಂದು ಅನುಕೂಲವಿದೆ: ಮೂರನೆಯ ಸಲಕ್ಕೆ ಗುರುತಾಗುತ್ತದೆ, ಐದನೆಯ ಸಲಕ್ಕೆ ಅವರೇ ಕರೆದು ಮಾತಾಡಿಸುತ್ತಾರೆ. ಒಳ್ಳೆಯ ಮುಖಚಿತ್ರಗಳು ಆಮೇಲೆ ಬರುತ್ತವೆ.

ಕಲಿಕೆಯ ದೊಡ್ಡ ಪಾಲು ನಡೆಯುವುದು ಫೋಟೊ ತೆಗೆಯುವಾಗಲ್ಲ, ವಾರದ ಕೊನೆಗೆ ಒಂದನ್ನು ಆರಿಸುವಾಗ. ತೆಗೆದ ದಿನವೇ ಆರಿಸಬಾರದು, ಆ ಹೊತ್ತಿನ ಸಂಭ್ರಮ ಕಣ್ಣಿಗೆ ಅಂಟಿಕೊಂಡಿರುತ್ತದೆ. ಒಂದು ರಾತ್ರಿ ಕಳೆಯಲಿ. ಮಸುಕಾದವು, ಒಂದೇ ಥರದವು ಮೊದಲು ಹೋಗಲಿ; ಮೂರಕ್ಕೆ ಇಳಿಸಿ, ಆ ಮೂರನ್ನು ಮನೆಯಲ್ಲಿ ಇನ್ನೊಬ್ಬರಿಗೆ ಏನೂ ಹೇಳದೆ ತೋರಿಸಬೇಕು. ವಿಷಯ ಯಾವುದೆಂದು ಅವರಿಗೆ ಹೊಳೆದರೆ ಚಿತ್ರ ಗೆದ್ದಿತು. ಆರಿಸಿದ್ದರ ಕೆಳಗೆ ದಿನಾಂಕ, ಜಾಗ, ಯಾಕೆ ಇದನ್ನೇ ಆರಿಸಿದ್ದು ಎಂದು ಎರಡು ಸಾಲು ಬರೆದಿಡಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಮೂಲ ಕಡತವನ್ನು ಎರಡು ಕಡೆ ಉಳಿಸಿಕೊಳ್ಳಬೇಕು.

ನಡುವೆ ಉತ್ಸಾಹ ಇಳಿಯುವ ಕಾಲ ಬಂದೇ ಬರುತ್ತದೆ, ಸಾಮಾನ್ಯವಾಗಿ ಹಬ್ಬಗಳೆಲ್ಲ ಮುಗಿದ ಮೇಲೆ. ಜ್ವರ, ಪರೀಕ್ಷೆ, ಮನೆಯ ಕಾರ್ಯ ಬಂದು ಒಂದು ವಾರ ತಪ್ಪಿದರೆ ಆ ಜಾಗವನ್ನು ಖಾಲಿ ಬಿಟ್ಟು ಮುಂದಿನ ವಾರಕ್ಕೆ ಹೋಗುವುದೇ ಸರಿಯಾದ ದಾರಿ. ಬಾಕಿ ತೀರಿಸಲು ಹೊರಟವರು ಎರಡೆರಡು ವಿಷಯದ ಭಾರಕ್ಕೆ ಕೈಬಿಡುತ್ತಾರೆ. ಇಬ್ಬರು ಮೂವರು ಜೊತೆಯಾಗಿ ಮಾಡಿದರೆ ಉಳಿಯುವ ಸಾಧ್ಯತೆ ಹೆಚ್ಚು. ಒಂದೇ ವಿಷಯಕ್ಕೆ ಪಕ್ಕದವರು ತೆಗೆದದ್ದನ್ನು ನೋಡುವುದರಿಂದ ಸಿಗುವ ಪಾಠವನ್ನು ಬೇರೆ ಯಾರೂ ಕಲಿಸಲಾರರು.

ಐವತ್ತೆರಡೂ ಚೆನ್ನಾಗಿರಬೇಕೆಂದಿಲ್ಲ. ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ (1902–1984) ವರ್ಷಕ್ಕೆ ಹನ್ನೆರಡು ಮಹತ್ವದ ಚಿತ್ರ ಸಿಕ್ಕರೆ ಒಳ್ಳೆಯ ಬೆಳೆ ಎಂದು ಭಾವಿಸಿದ್ದರು. ಅದೇ ಅಳತೆಯಿಟ್ಟುಕೊಂಡು ವರ್ಷದ ಕೊನೆಗೆ ಹನ್ನೆರಡನ್ನು ಆರಿಸಿ ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಬೇಕು. ಪರದೆಯ ಮೇಲೆ ಬೆರಳಿಗೆ ಸರಿದುಹೋದ ಚಿತ್ರ ಕಾಗದದ ಮೇಲೆ ಬೇರೆಯಾಗಿ ಕಾಣುತ್ತದೆ. ಪ್ರತಿ ಪ್ರಿಂಟಿನ ಹಿಂದೆ ದಿನಾಂಕ ಮತ್ತು ಜಾಗದ ಹೆಸರು ಇರಲಿ. ಹಾಕಿಸುವಾಗ ಒಂದೊಂದು ಪ್ರತಿ ಹೆಚ್ಚು ಹಾಕಿಸಿ, ಫೋಟೊ ತೆಗೆಯಲು ಒಪ್ಪಿದ ಮೀನಿನ ಅಕ್ಕನಿಗೆ, ಬಣ್ಣಗಾರನಿಗೆ, ಬೋಟಿನವರಿಗೆ ಅವರವರ ಚಿತ್ರವನ್ನು ಕೈಯಾರೆ ಕೊಟ್ಟು ಬನ್ನಿ.